ರಿಪೋರ್ಟ್ ನಾರ್ಮಲ್, ಮೈಗೆ ಮಾತ್ರ ನೆಮ್ಮದಿಯಿಲ್ಲ: ಪಿಟಿಎಸ್‌ಡಿ ಇರುವವರು ತಮ್ಮ ಹಾರ್ಮೋನುಗಳನ್ನು ಅರಿತು ನಡೆಯುವ ಬಗೆ

ನಾನು 16 ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ದಿನವಿಡೀ ರಕ್ತ ತೆಗೆಯುತ್ತೇನೆ, ಸ್ಯಾಂಪಲ್ಲುಗಳನ್ನು ಮಷೀನಿಗೆ ಇಡುತ್ತೇನೆ, ಬಂದ ಅಂಕಿಗಳನ್ನು ಪರಿಶೀಲಿಸಿ ಮುಂದಕ್ಕೆ ಕಳಿಸುತ್ತೇನೆ. ಥೈರಾಯ್ಡ್, ಸಕ್ಕರೆ, ಕಾರ್ಟಿಸಾಲ್ ಎಲ್ಲವೂ ನನ್ನ ಕೈಗೆ ಪಳಗಿದ ಹೆಸರುಗಳು. ಹಾಗಿದ್ದೂ ನನ್ನದೇ ಮೈಯಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಒಂಬತ್ತು ತಿಂಗಳು ಹಿಡಿಯಿತು. ಅದು ಪಿಟಿಎಸ್‌ಡಿ: ಭೀಕರ ಘಟನೆ ಮುಗಿದ ಮೇಲೂ ಮೈಮನಸ್ಸು ಅದರ ಭಯದಿಂದ ಹೊರಬರದ ಕಾಯಿಲೆ. ಅಷ್ಟು ದಿನ ನೀವು ಕಳೆಯಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಐದು ವರ್ಷದ ಹಿಂದೆ ನಾನಿದ್ದ ರಾತ್ರಿ ಬಸ್ಸು ತಿರುವೊಂದರಲ್ಲಿ ಮಗುಚಿತು. ಗಂಟೆ ಎರಡೂವರೆ ದಾಟಿತ್ತು. ಕಿಟಕಿಯ ಗಾಜು ನನ್ನ ಬೆನ್ನ ಕೆಳಗೆ, ನನ್ನ ಮೇಲೆ ಪಕ್ಕದ ಸೀಟಿನವರು, ಅವರ ಮೇಲೆ ಬ್ಯಾಗುಗಳು. ಕತ್ತಲಲ್ಲಿ ಎಲ್ಲೋ ಡೀಸೆಲ್ ತೊಟ್ಟಿಕ್ಕುವ ಸದ್ದು. ನಮ್ಮನ್ನು ಹೊರಗೆಳೆಯುವಷ್ಟರಲ್ಲಿ ಸುಮಾರು ನಲವತ್ತು ನಿಮಿಷ. ನನಗೆ ಮುರಿದದ್ದು ಎಡಗೈ ಮಣಿಕಟ್ಟು ಮಾತ್ರ, ಆರು ವಾರಕ್ಕೆ ಕೂಡಿಕೊಂಡಿತು. ‘ದೊಡ್ಡ ಗಂಡಾಂತರದಿಂದ ಪಾರಾದೆ’ ಎಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ.

ಆದರೆ ಮೂರು ತಿಂಗಳಾದರೂ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್ ನಿಂತು ಅದರ ಮುಚ್ಚಳ ‘ಟಕ್’ ಎಂದು ತೆರೆದುಕೊಂಡಾಗ ನನ್ನ ಎದೆ ಬಾಯಿಗೆ ಬರುತ್ತಿತ್ತು. ದಿನಕ್ಕೆ ಮೂವತ್ತು ಸಲ ಕೇಳುವ ಸದ್ದು ಅದು. ಒಮ್ಮೆ ಕೈಯಲ್ಲಿದ್ದ ಟ್ಯೂಬುಗಳ ಟ್ರೇ ಬಿದ್ದು ಆರು ಜನರ ರಕ್ತ ನೆಲದ ಪಾಲಾಯಿತು. ರಾತ್ರಿ ಎರಡೂವರೆ ಹೊತ್ತಿಗೆ ಯಾರೋ ಹಿಡಿದು ಅಲುಗಾಡಿಸಿದಂತೆ ಎಚ್ಚರವಾಗುತ್ತಿತ್ತು. ಥೈರಾಯ್ಡ್ ಇರಬೇಕು, ಇಲ್ಲವೇ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿರಬೇಕು ಎಂದುಕೊಂಡು ಒಂದು ಬೆಳಿಗ್ಗೆ ಎಂಟಕ್ಕೆ ಸಹೋದ್ಯೋಗಿಯಿಂದ ನನ್ನ ರಕ್ತ ತೆಗೆಸಿ ನಾನೇ ಮಷೀನಿಗಿಟ್ಟೆ. ಕಾರ್ಟಿಸಾಲ್ 13.2. ನಮ್ಮ ಮಷೀನಿನ ಬೆಳಗಿನ ಮಿತಿ ಡೆಸಿಲೀಟರಿಗೆ ಸುಮಾರು 5ರಿಂದ 25 ಮೈಕ್ರೋಗ್ರಾಂ. ಥೈರಾಯ್ಡೂ ಸರಿಯಾಗಿತ್ತು. ಆ ಹಾಳೆ ಹಿಡಿದುಕೊಂಡು ಸ್ಟೋರ್ ರೂಮಿನಲ್ಲಿ ಕೂತು ಅತ್ತೆ. ಅಂಕಿ ಏರುಪೇರಾಗಿದ್ದರೆ ನನಗೊಂದು ಕಾಯಿಲೆ ಇದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಎಲ್ಲ ನಾರ್ಮಲ್ ಎಂದಮೇಲೆ ತಪ್ಪೆಲ್ಲ ನನ್ನದೇ, ನನ್ನ ಮನಸ್ಸೇ ದುರ್ಬಲ ಎಂದುಕೊಂಡೆ.

ಅದು ಸುಳ್ಳಾಗಿತ್ತು. ಏಕೆ ಸುಳ್ಳು ಎನ್ನುವುದನ್ನು ಮೊದಲು ಹೇಳುತ್ತೇನೆ. ಅದು ಮನದಟ್ಟಾಗದೆ ಮುಂದಿನ ಯಾವ ಸಲಹೆಯೂ ಕೈಹಿಡಿಯುವುದಿಲ್ಲ.

ಮೈಯೊಳಗಿನ ಎರಡು ದಾರಿಗಳನ್ನು ಬೇರೆ ಬೇರೆಯಾಗಿ ನೋಡಿ

ಅಪಾಯ ಎದುರಾದಾಗ ಮೈಯಲ್ಲಿ ಎರಡು ವ್ಯವಸ್ಥೆಗಳು ಏಳುತ್ತವೆ. ಒಂದು ನರಗಳ ದಾರಿ, ಸೆಕೆಂಡುಗಳ ಲೆಕ್ಕದ್ದು. ಮಿದುಳಕಾಂಡದಲ್ಲಿರುವ ಲೋಕಸ್ ಸೆರುಲಿಯಸ್ ಎಂಬ ಪುಟ್ಟ ನರಕೋಶಗಳ ಗುಂಪು ಮಿದುಳಿಗೆಲ್ಲ ನಾರ್‌ಅಡ್ರಿನಲಿನ್ ಎಂಬ ಎಚ್ಚರಿಸುವ ರಾಸಾಯನಿಕವನ್ನು ಹರಿಸುತ್ತದೆ. ಅದೇ ಹೊತ್ತಿಗೆ ಕಿಡ್ನಿಗಳ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳ ಒಳತಿರುಳು ಅಡ್ರಿನಲಿನ್ನನ್ನು ರಕ್ತಕ್ಕೆ ಬಿಡುತ್ತದೆ. ಎದೆಬಡಿತ ಏರುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ಅಂಗೈ ಬೆವರುತ್ತದೆ. ‘ಕಾದಾಡು ಇಲ್ಲವೇ ಓಡು’ ಎಂದು ಇದನ್ನು ವಾಲ್ಟರ್ ಕ್ಯಾನನ್ ಎಂಬ ಶರೀರವಿಜ್ಞಾನಿ 1915ರಲ್ಲೇ ವಿವರಿಸಿದ್ದರು.

ಎರಡನೆಯದು ನಿಮಿಷಗಳ ಲೆಕ್ಕದ್ದು, ರಕ್ತದ ದಾರಿ. ಮಿದುಳಿನ ತಳದಲ್ಲಿರುವ ಹೈಪೋಥಲಮಸ್‌ನಿಂದ ಸಿಆರ್‌ಎಚ್ ಎಂಬ ಹಾರ್ಮೋನು ಹೊರಡುತ್ತದೆ. ಅದು ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ತಟ್ಟಿ ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನನ್ನು ಹೊರಡಿಸುತ್ತದೆ. ಎಸಿಟಿಎಚ್ ಅಡ್ರಿನಲ್ ಗ್ರಂಥಿಯ ಹೊರಪದರಕ್ಕೆ ತಲುಪಿ ಕಾರ್ಟಿಸಾಲ್ ಬಿಡಿಸುತ್ತದೆ. ಕಾರ್ಟಿಸಾಲ್ ಅಂದರೆ ‘ಒತ್ತಡದ ಹಾರ್ಮೋನು’, ಹೆಚ್ಚಾದರೆ ಕೆಟ್ಟದ್ದು ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಅರ್ಧ ಸತ್ಯ ಅದು. ಓಡಲು ಬೇಕಾದ ಸಕ್ಕರೆಯನ್ನು ಒದಗಿಸುವುದರ ಜೊತೆಗೆ ಮಿದುಳಿಗೆ ಹಿಂದಿರುಗಿ ‘ಸಾಕು, ಇನ್ನು ನಿಲ್ಲಿಸು’ ಎಂದು ಹೇಳಿ ಗದ್ದಲವನ್ನು ತಣ್ಣಗಾಗಿಸುವುದೂ ಕಾರ್ಟಿಸಾಲ್‌ನದೇ ಕೆಲಸ.

ಇಷ್ಟು ತಿಳಿದರೆ ಪಿಟಿಎಸ್‌ಡಿಯ ಒಗಟು ಅರ್ಥವಾಗುತ್ತದೆ. 1986ರಲ್ಲಿ ಜಾನ್ ಮೇಸನ್ ಮತ್ತು ಸಂಗಡಿಗರು ಪಿಟಿಎಸ್‌ಡಿ ಇದ್ದ ಮಾಜಿ ಸೈನಿಕರ ಮೂತ್ರದಲ್ಲಿ ಕಾರ್ಟಿಸಾಲ್ ಅಳೆದರು. ಇಷ್ಟು ಒತ್ತಡದಲ್ಲಿರುವವರಲ್ಲಿ ಅದು ಏರಿರಬೇಕಿತ್ತು, ಇಳಿದಿತ್ತು. ಆಮೇಲೆ ರೇಚಲ್ ಯೆಹೂದ ಎಂಬ ವಿಜ್ಞಾನಿ ಇದರ ಬೆನ್ನು ಹತ್ತಿದರು. ಕಾರ್ಟಿಸಾಲ್‌ನಂತೆಯೇ ಮಿದುಳಿಗೆ ‘ಸಾಕು’ ಎನ್ನುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಅರ್ಧ ಮಿಲಿಗ್ರಾಂನಷ್ಟು ಕೊಟ್ಟರೂ ಸಾಕು, ಪಿಟಿಎಸ್‌ಡಿ ಇರುವವರ ಕಾರ್ಟಿಸಾಲ್ ಉಳಿದವರದಕ್ಕಿಂತ ಹೆಚ್ಚು ಕುಸಿಯುತ್ತಿತ್ತು. ‘ಸಾಕು’ ಎನ್ನುವ ಸಂದೇಶಕ್ಕೆ ಅವರ ಗ್ರಾಹಕಗಳು (ಹಾರ್ಮೋನಿನ ಸಂದೇಶ ಹಿಡಿಯುವ, ಜೀವಕೋಶದ ಕಿವಿಗಳು) ಅತಿಯಾಗಿ ಕಿವಿಗೊಡುತ್ತಿದ್ದವು. ಇತ್ತ ಬೆನ್ನುಹುರಿಯ ದ್ರವ ತೆಗೆದು ನೋಡಿದ ಅಧ್ಯಯನಗಳಲ್ಲಿ ಸಿಆರ್‌ಎಚ್ ಮತ್ತು ನಾರ್‌ಅಡ್ರಿನಲಿನ್ ಎರಡೂ ಹೆಚ್ಚಿದ್ದವು. ಅಂದರೆ ಮೇಲಿನಿಂದ ಕೂಗು ಜೋರಾಗಿದೆ, ಕೆಳಗಿನ ಗ್ರಂಥಿಯ ಉತ್ತರ ಮೆಲ್ಲಗಿದೆ, ನರಗಳ ದಾರಿಯನ್ನು ತಣಿಸುವವರಿಲ್ಲ.

ಎಲ್ಲರಲ್ಲೂ ಹೀಗೇ ಇರುತ್ತದೆ ಎಂದಲ್ಲ. ಎಷ್ಟೋ ಅಧ್ಯಯನಗಳಲ್ಲಿ ಪಿಟಿಎಸ್‌ಡಿ ಇರುವವರ ಕಾರ್ಟಿಸಾಲ್ ಬೇರೆಯವರಷ್ಟೇ ಇತ್ತು. ನನ್ನ 13.2 ಕೂಡ ಆ ಸಾಲಿನದೇ. ಏರುಪೇರು ಇರುವುದು ಹಾರ್ಮೋನಿನ ಮೊತ್ತಕ್ಕಿಂತ ಹೆಚ್ಚಾಗಿ ಅದರ ಲಯದಲ್ಲಿ, ಅದನ್ನು ಕೇಳಿಸಿಕೊಳ್ಳುವ ಗ್ರಾಹಕಗಳಲ್ಲಿ, ನರಗಳ ಚುರುಕಿನಲ್ಲಿ. ಬೆಳಿಗ್ಗೆ ಎಂಟರ ಒಂದು ಟ್ಯೂಬ್ ರಕ್ತ ಅದನ್ನು ತೋರಿಸಲಾರದು. ಸ್ಟೋರ್ ರೂಮಿನಲ್ಲಿ ಕೂತಿದ್ದ ನನಗೆ ಯಾರಾದರೂ ಇದೊಂದು ಮಾತು ಹೇಳಿದ್ದರೆ ಸಾಕಿತ್ತು.

ಡೀಸೆಲ್ ವಾಸನೆ ಮತ್ತು ಮಿದುಳಿನ ಮೂರು ಜಾಗ

ರಸ್ತೆ ಬದಿ ನಿಂತ ಲಾರಿಯ ಹೊಗೆ ಮೂಗಿಗೆ ಬಡಿದರೆ ನಾನು ಮತ್ತೆ ಆ ಗಾಜಿನ ಮೇಲೆಯೇ ಬಿದ್ದಿರುತ್ತಿದ್ದೆ. ನೆನಪಾಗುತ್ತಿತ್ತು ಎಂದರೆ ಸಾಲದು, ಈಗಲೇ ನಡೆಯುತ್ತಿದೆ ಎನ್ನಿಸುತ್ತಿತ್ತು.

ಮಿದುಳಿನಲ್ಲಿ ಅಪಾಯದ ಸುಳಿವು ಹಿಡಿಯುವ ಅಮಿಗ್ಡಲ ಪಿಟಿಎಸ್‌ಡಿಯಲ್ಲಿ ಸಣ್ಣದಕ್ಕೂ ಉರಿದೇಳುತ್ತದೆ. ಅದನ್ನು ಸಮಾಧಾನ ಮಾಡಬೇಕಾದ ಹಣೆಯ ಹಿಂದಿನ ಪ್ರೀಫ್ರಂಟಲ್ ಭಾಗ ಮಂಕಾಗಿರುತ್ತದೆ. ಇದು ಎಲ್ಲಿ ನಡೆದದ್ದು, ಯಾವಾಗ ನಡೆದದ್ದು ಎಂದು ನೆನಪಿಗೆ ಊರು-ದಿನಾಂಕದ ಮುದ್ರೆ ಒತ್ತುವುದು ಹಿಪೊಕ್ಯಾಂಪಸ್. ಪಿಟಿಎಸ್‌ಡಿ ಇರುವವರಲ್ಲಿ ಅದು ಸರಾಸರಿ ಸ್ವಲ್ಪ ಚಿಕ್ಕದು. ಮುದ್ರೆಯಿಲ್ಲದ ನೆನಪಿಗೆ ಅಂದು ಇಂದು ಎಂಬ ಭೇದ ಇರುವುದಿಲ್ಲ. ಇದು ಓದಿದ ದಿನ ನನಗೆ ‘ನನ್ನ ಹಿಪೊಕ್ಯಾಂಪಸ್ ಕುಗ್ಗಿಹೋಯಿತೇ’ ಎಂದು ದೊಡ್ಡ ದಿಗಿಲಾಗಿತ್ತು. ನಿಮಗೂ ಆದರೆ ಇದನ್ನು ತಿಳಿದಿರಿ: 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ತದ್ರೂಪಿ ಅವಳಿಗಳದ್ದು, ಒಬ್ಬ ಯುದ್ಧಕ್ಕೆ ಹೋಗಿದ್ದವ, ಇನ್ನೊಬ್ಬ ಮನೆಯಲ್ಲಿದ್ದವ. ಯುದ್ಧ ಕಂಡು ತೀವ್ರ ಪಿಟಿಎಸ್‌ಡಿ ಆದವನ ಹಿಪೊಕ್ಯಾಂಪಸ್ ಚಿಕ್ಕದಿತ್ತು, ಯುದ್ಧವನ್ನೇ ಕಾಣದ ಅವನ ಅವಳಿಯದೂ ಚಿಕ್ಕದೇ ಇತ್ತು. ಅಂದರೆ ಆ ವ್ಯತ್ಯಾಸದ ಒಂದಿಷ್ಟು ಪಾಲು ಮೊದಲಿನಿಂದಲೇ ಇದ್ದದ್ದು. ಆಘಾತ ನಿಮ್ಮ ಮಿದುಳನ್ನು ತಿಂದುಹಾಕಿತು ಎಂದು ಯಾರಾದರೂ ಹೇಳಿದರೆ ನಂಬಿ ಕುಗ್ಗಬೇಡಿ.

ಯಾವ ಪರೀಕ್ಷೆ ಮಾಡಿಸಬೇಕು, ಯಾವುದು ಬೇಡ

ಇದು ನನ್ನ ಕಸುಬು, ಹಾಗಾಗಿ ಸ್ವಲ್ಪ ನೇರವಾಗಿಯೇ ಹೇಳುತ್ತೇನೆ. ಪಿಟಿಎಸ್‌ಡಿ ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ. ಸ್ಕ್ಯಾನೂ ಇಲ್ಲ. ಕೂತು ಮಾತನಾಡಿಸಿ, ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದಿವೆಯೇ, ದಿನದ ಬದುಕನ್ನು ಕೆಡಿಸುತ್ತಿವೆಯೇ ಎಂದು ಕೇಳಿಯೇ ಅದನ್ನು ಗುರುತಿಸುವುದು. ಮೊದಲ ನಾಲ್ಕು ವಾರ ಬೆಚ್ಚುವುದು, ನಿದ್ದೆಗೆಡುವುದು ಬಹಳ ಜನರಿಗೆ ಆಗುವಂಥದ್ದೇ, ಎಷ್ಟೋ ಜನರಲ್ಲಿ ತಾನಾಗಿ ಇಳಿಯುತ್ತದೆ.

ಹಾಗಾದರೆ ರಕ್ತ ಏಕೆ ಕೊಡಬೇಕು? ಇದೇ ಲಕ್ಷಣ ತೋರುವ ಬೇರೆ ಕಾಯಿಲೆಗಳನ್ನು ಪಕ್ಕಕ್ಕೆ ಸರಿಸಲು. ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ; ಅದಕ್ಕೆ ಥೈರಾಯ್ಡನ್ನು ನಡೆಸುವ ಹಾರ್ಮೋನು ಟಿಎಸ್‌ಎಚ್ ನೋಡಬೇಕು. ರಕ್ತ ಕಡಿಮೆ ಇದ್ದರೂ ಎದೆಬಡಿತ ಏರುತ್ತದೆ, ಆದ್ದರಿಂದ ಹಿಮೋಗ್ಲೋಬಿನ್. ಸಕ್ಕರೆ, ಬಿಪಿ, ಒಂದು ಇಸಿಜಿ. ಗೊರಕೆ ಜೋರಿದ್ದು ಉಸಿರು ಕಟ್ಟಿದಂತಾಗಿ ಏಳುವವರು ಸ್ಲೀಪ್ ಆ್ಯಪ್ನಿಯಾ ಬಗ್ಗೆಯೂ ಕೇಳಿ. ದುಃಸ್ವಪ್ನದಿಂದ ಎದ್ದೆವೆಂದುಕೊಳ್ಳುವ ಕೆಲವರು ನಿಜಕ್ಕೂ ಏಳುವುದು ಉಸಿರು ನಿಂತು. ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ರಕ್ತ ತೆಗೆಯುವವರಿಗೆ ಮೊದಲೇ ತಿಳಿಸಿ. ಹೆಚ್ಚು ಡೋಸಿನ ಬಯೋಟಿನ್ ಕೆಲವು ಮಷೀನುಗಳಲ್ಲಿ ಥೈರಾಯ್ಡ್ ಅಂಕಿಯನ್ನೇ ತಪ್ಪಿಸುತ್ತದೆ. ಇಲ್ಲದ ಕಾಯಿಲೆ ಇದ್ದಂತೆ ಕಾಣಿಸುತ್ತದೆ.

ಕಾರ್ಟಿಸಾಲ್ ಪರೀಕ್ಷೆಯನ್ನು ನೀವಾಗಿ ಬರೆಸಿಕೊಂಡು ಬರಬೇಡಿ. ಅದು ಇರುವುದು ಕಾರ್ಟಿಸಾಲ್ ವಿಪರೀತ ಏರುವ ಕುಶಿಂಗ್, ವಿಪರೀತ ಇಳಿಯುವ ಆ್ಯಡಿಸನ್ ಮುಂತಾದ ಗ್ರಂಥಿಯ ಕಾಯಿಲೆಗಳಿಗೆ. ತೂಕ ಸುಮ್ಮಸುಮ್ಮನೆ ಇಳಿಯುವುದು, ಎದ್ದು ನಿಂತರೆ ಬಿಪಿ ಬಿದ್ದು ತಲೆ ತಿರುಗುವುದು, ಚರ್ಮ ಕಪ್ಪಾಗುತ್ತಾ ಹೋಗುವುದು ಇದ್ದರೆ ವೈದ್ಯರೇ ಬರೆಯುತ್ತಾರೆ. ಕಾರ್ಟಿಸಾಲ್ ಎದ್ದ 30ರಿಂದ 45 ನಿಮಿಷದೊಳಗೆ ತುದಿಗೇರಿ, ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ರಾತ್ರಿ ಪಾಳಿ, ಕೆಟ್ಟ ನಿದ್ದೆ, ಗರ್ಭನಿರೋಧಕ ಮಾತ್ರೆ, ಸ್ಟೀರಾಯ್ಡ್ ಮುಲಾಮು, ಇನ್ಹೇಲರ್, ಯಾವುದಾದರೂ ಅದನ್ನು ಅಲುಗಿಸಬಲ್ಲದು. ಸೂಜಿಗೆ ಹೆದರುವವರಲ್ಲಿ ಸೂಜಿಯ ಭಯವೇ ಏರಿಸುತ್ತದೆ. ಅಂಥ ಅಂಕಿ ಹಿಡಿದು ಯಾವ ತೀರ್ಮಾನಕ್ಕೂ ಬರಲಾಗದು.

ಇನ್ನೊಂದು. ‘ಅಡ್ರಿನಲ್ ದಣಿವು’ ಎಂಬ ಹೆಸರಿನಲ್ಲಿ ಮಾತ್ರೆ, ಪುಡಿ ಮಾರುವವರಿದ್ದಾರೆ. ಹಾಗೊಂದು ಕಾಯಿಲೆಯನ್ನು ಹಾರ್ಮೋನು ತಜ್ಞರು ಒಪ್ಪಿಲ್ಲ. ಅಂಥ ಮಾತ್ರೆಗಳನ್ನು ಪರೀಕ್ಷಿಸಿದಾಗ ಡಬ್ಬಿಯ ಮೇಲೆ ಬರೆಯದ ಥೈರಾಯ್ಡ್ ಹಾರ್ಮೋನು, ಸ್ಟೀರಾಯ್ಡು ಸಿಕ್ಕಿದ್ದುಂಟು. ಮೊದಲೇ ಹೊಡೆದುಕೊಳ್ಳುತ್ತಿರುವ ಎದೆಗೆ ಕದ್ದುಮುಚ್ಚಿ ಥೈರಾಯ್ಡ್ ಹಾರ್ಮೋನು ಸೇರಿದರೆ ಏನಾಗುತ್ತದೆ ಎಂದು ಯೋಚಿಸಿ. ನೊಂದವರನ್ನು ಹೀಗೆ ಸುಲಿಯುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ನೋಟ್‌ಬುಕ್ಕನ್ನೇ ಲ್ಯಾಬ್ ಮಾಡಿಕೊಳ್ಳಿ

ಮಷೀನು ತೋರಿಸದ್ದನ್ನು ಎರಡು ವಾರದ ನೋಟ್‌ಬುಕ್ ತೋರಿಸುತ್ತದೆ. ಇದು ನನಗೆ ಅತ್ಯಂತ ಉಪಯೋಗಕ್ಕೆ ಬಂದ ಕೆಲಸ. ಬರೆಯಬೇಕಾದ್ದು ಜಾಸ್ತಿಯಿಲ್ಲ: ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚಿನ ನಾಡಿ. ರಾತ್ರಿ ಎಷ್ಟು ಸಲ ಎಚ್ಚರ, ಮತ್ತೆ ನಿದ್ದೆ ಬಂತೇ. ಬೆಚ್ಚಿದ್ದು ಯಾವುದಕ್ಕೆ, ಸದ್ದೋ ವಾಸನೆಯೋ ಬೆಳಕೋ, ಮೈ ತಣ್ಣಗಾಗಲು ಎಷ್ಟು ಹೊತ್ತು ಹಿಡಿಯಿತು. ಕೊನೆಯ ಕಾಫಿ ಯಾವಾಗ. ಹೆಂಗಸರಾದರೆ ಮುಟ್ಟಿನ ಎಷ್ಟನೇ ದಿನ.

ನಾಡಿ ನೋಡುವುದು ಸುಲಭ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಒಳಮೈಯಲ್ಲಿ ಎರಡು ಬೆರಳು ಇಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಹೆಬ್ಬೆರಳಲ್ಲಿ ಒತ್ತಿ ನೋಡಬೇಡಿ, ಅದರದೇ ಮಿಡಿತ ಅಡ್ಡ ಬರುತ್ತದೆ.

ನನ್ನ ಆ ಕಾಲದ ಒಂದು ಪುಟ ಹೀಗಿದೆ: ‘ಬುಧವಾರ. ನಾಡಿ 88. ಎಚ್ಚರ 3 ಸಲ, ಎರಡೂವರೆಯ ಮೇಲೆ ನಿದ್ದೆಯೇ ಇಲ್ಲ. 11.10ಕ್ಕೆ ಮುಚ್ಚಳದ ಸದ್ದು, ನಾಡಿ 116. 11.35ಕ್ಕೆ ಇನ್ನೂ 104, ಕೈ ತಣ್ಣಗೆ. ಕಾಫಿ ನಾಲ್ಕು, ಕೊನೆಯದು ಸಂಜೆ ಐದಕ್ಕೆ.’

ಈ ಪುಟವನ್ನು ನಿಧಾನವಾಗಿ ನೋಡಿ. ರಕ್ತಕ್ಕೆ ಬಿದ್ದ ಅಡ್ರಿನಲಿನ್ ಕೆಲವೇ ನಿಮಿಷದಲ್ಲಿ ಕರಗಿಹೋಗುತ್ತದೆ. ಒಂದು ಸಲ ಬೆಚ್ಚಿದ್ದೇ ಆಗಿದ್ದರೆ 11.35ಕ್ಕೆ ನಾಡಿ ಇಳಿಯಬೇಕಿತ್ತು. ಇಳಿದಿಲ್ಲ ಎಂದರೆ ಮಿದುಳು ಆ 25 ನಿಮಿಷವೂ ‘ಅಪಾಯ, ಅಪಾಯ’ ಎಂದು ಹೊಸ ಹೊಸದಾಗಿ ಕೂಗುತ್ತಲೇ ಇತ್ತು. ಬೆಚ್ಚುವುದಕ್ಕಿಂತ ಮುಖ್ಯವಾದದ್ದು ಬೆಚ್ಚಿದ ಮೇಲೆ ತಣ್ಣಗಾಗಲು ಹಿಡಿಯುವ ಹೊತ್ತು. ಚಿಕಿತ್ಸೆ ನಾಟುತ್ತಿದೆಯೇ ಎಂದು ನನಗೆ ಮೊದಲು ಕಂಡದ್ದೂ ಅದೇ ಸಾಲಿನಲ್ಲಿ.

ಒಂದು ಎಚ್ಚರಿಕೆ. ಕೈಗೆ ವಾಚು ಕಟ್ಟಿಕೊಂಡು ಐದೈದು ನಿಮಿಷಕ್ಕೆ ನಾಡಿ ನೋಡುವ ಚಟಕ್ಕೆ ಬೀಳಬೇಡಿ. ಮೈಯನ್ನು ಸದಾ ಕಾಯುವುದೂ ಆ ಕಾಯಿಲೆಯದೇ ಇನ್ನೊಂದು ಮುಖ. ಬೆಳಿಗ್ಗೆ ಒಂದು ಸಲ, ಬೆಚ್ಚಿದಾಗ ಒಂದು ಸಲ, 25 ನಿಮಿಷದ ಮೇಲೆ ಒಂದು ಸಲ. ಎರಡು ವಾರದ ನಂತರ ನಿಲ್ಲಿಸಿ.

ರಾತ್ರಿ ಎರಡೂವರೆ

ನಿದ್ದೆಯಲ್ಲಿ ಕನಸು ಬೀಳುವ ಹಂತಕ್ಕೆ ರೆಮ್ ಎನ್ನುತ್ತಾರೆ. ಆಗ ಲೋಕಸ್ ಸೆರುಲಿಯಸ್ ಬಹುಮಟ್ಟಿಗೆ ಮೌನವಾಗುತ್ತದೆ. ನಾರ್‌ಅಡ್ರಿನಲಿನ್ ತಗ್ಗಿದ ಆ ಹೊತ್ತಿನಲ್ಲಿ ದಿನದ ಕಹಿ ಅನುಭವಗಳು ತಮ್ಮ ಉರಿ ಕಳೆದುಕೊಂಡು ನೆನಪುಗಳಾಗಿ ಕೂರುತ್ತವೆ ಎನ್ನುವುದು ನಿದ್ದೆಯ ವಿಜ್ಞಾನಿಗಳ ಒಂದು ವಿವರಣೆ. ಪಿಟಿಎಸ್‌ಡಿಯಲ್ಲಿ ಆ ಮೌನ ಸಿಗದೆ ರೆಮ್ ತುಂಡುತುಂಡಾಗುತ್ತದೆ ಎನ್ನುತ್ತಾರೆ ಅವರು. ರೆಮ್ ಹೆಚ್ಚಿರುವುದು ರಾತ್ರಿಯ ಎರಡನೇ ಅರ್ಧದಲ್ಲಿ. ನನ್ನ ಎರಡೂವರೆಗೆ ಬಸ್ಸು ಮಗುಚಿದ ಗಳಿಗೆಯ ನೆನಪೂ ಇತ್ತು, ಈ ಲೆಕ್ಕವೂ ಇತ್ತು.

ಎದ್ದಾಗ ಏನು ಮಾಡಬೇಕು? ಮೊದಲು ಪಾದಗಳನ್ನು ನೆಲಕ್ಕೆ ಇಡಿ. ಸಣ್ಣ ದೀಪ ಹಾಕಿ. ಇವತ್ತಿನ ವಾರ, ತಿಂಗಳು, ವರ್ಷವನ್ನು ಬಾಯಿಬಿಟ್ಟು ಹೇಳಿ. ಹಿಪೊಕ್ಯಾಂಪಸ್ ಒತ್ತದೇ ಬಿಟ್ಟ ಮುದ್ರೆಯನ್ನು ನೀವು ಕೈಯಾರೆ ಒತ್ತುತ್ತಿದ್ದೀರಿ ಎಂದುಕೊಳ್ಳಿ. ನಂತರ ಉಸಿರು: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಉಸಿರು ಹೊರಹೋಗುವಾಗ, ಮಿದುಳಿನಿಂದ ಎದೆಗಿಳಿಯುವ ವೇಗಸ್ ನರದ ಮೂಲಕ ಎದೆಬಡಿತ ನಿಧಾನವಾಗುತ್ತದೆ, ಅದಕ್ಕೇ ಹೊರಉಸಿರು ಉದ್ದ ಇರಬೇಕು. ಐದು ನಿಮಿಷ ಸಾಕು. ಗಡಿಯಾರ ನೋಡಬೇಡಿ. ಇಪ್ಪತ್ತು ನಿಮಿಷವಾಯಿತು ಎನ್ನಿಸಿದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಕುರ್ಚಿಯಲ್ಲಿ ಕೂತು ಮಂದ ಬೆಳಕಿನಲ್ಲಿ ಏನಾದರೂ ಮಡಿಸಿ, ಜೋಡಿಸಿ. ನಾನು ಕಾಲುಚೀಲ ಜೋಡಿ ಮಾಡುತ್ತಿದ್ದೆ.

ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನ ಇಡಿ ಎನ್ನುವ ಸಲಹೆ ಎಲ್ಲರಿಗೂ ಒಗ್ಗುವುದಿಲ್ಲ ಎನ್ನುವುದನ್ನು ಯಾರೂ ನನಗೆ ಹೇಳಿರಲಿಲ್ಲ. ಕಣ್ಣು ಮುಚ್ಚಿದರೆ ನನಗೆ ಕತ್ತಲೆಯ ಬಸ್ಸು. ಉಸಿರಿನ ಸದ್ದು ಕೇಳಿದರೆ ಎದೆಯ ಮೇಲೆ ಬಿದ್ದಿದ್ದವರ ಉಸಿರು. ನಿಮಗೂ ಹಾಗಾದರೆ ಕಣ್ಣು ತೆರೆದೇ ಇರಿ, ಕೈಗೆ ತಣ್ಣಗಿರುವುದೇನಾದರೂ ಹಿಡಿದುಕೊಳ್ಳಿ. ಕೆಲಸದಲ್ಲಿ ನಾನು ಫ್ರಿಜ್ಜಿನಲ್ಲಿಟ್ಟ ಸ್ಟೀಲಿನ ಟ್ಯೂಬ್ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ಅದರ ತೂತುಗಳನ್ನು ಎಣಿಸುತ್ತಿದ್ದೆ. ಐವತ್ತು ತೂತು. ಮೂವತ್ತಕ್ಕೆ ಬರುವಷ್ಟರಲ್ಲಿ ಕೋಣೆ ಮತ್ತೆ ಕೋಣೆಯಾಗುತ್ತಿತ್ತು.

ಕಾಫಿಯ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಅದು ಅಡ್ರಿನಲಿನ್ನನ್ನೂ ಏರಿಸುತ್ತದೆ. ಮಧ್ಯಾಹ್ನದ ಮೇಲೆ ಬಿಟ್ಟುಬಿಡಿ. ಮದ್ಯ ಕುಡಿದರೆ ಬೇಗ ಕಣ್ಣು ಮುಚ್ಚುತ್ತದೆ ನಿಜ, ಆದರೆ ಮೊದಲ ಅರ್ಧದಲ್ಲಿ ರೆಮ್ ಅನ್ನು ಅದುಮಿ ಎರಡನೇ ಅರ್ಧದಲ್ಲಿ ಅದನ್ನು ಜೋರಾಗಿ ಎಬ್ಬಿಸುತ್ತದೆ, ದುಃಸ್ವಪ್ನಗಳು ಒಟ್ಟಿಗೇ ಬರುತ್ತವೆ.

ಹೆಂಗಸರ ಮೈ, ವರ್ಷಗಳ ಮೈ

ಪಿಟಿಎಸ್‌ಡಿ ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡು ಪಟ್ಟು. ಹೆಂಗಸರು ಎದುರಿಸುವ ಹಿಂಸೆಯ ಬಗೆ ಅದಕ್ಕೆ ದೊಡ್ಡ ಕಾರಣ, ಹಾರ್ಮೋನುಗಳಿಗೂ ಪಾಲಿದೆ. ಈಸ್ಟ್ರೋಜನ್ ಕಡಿಮೆ ಇರುವ ದಿನಗಳಲ್ಲಿ ‘ಇದು ಈಗ ಅಪಾಯವಲ್ಲ’ ಎಂಬ ಹೊಸ ಪಾಠ ಮಿದುಳಿಗೆ ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ನನ್ನ ನೋಟ್‌ಬುಕ್ಕಿನಲ್ಲಿ ಮುಟ್ಟಿನ ಹಿಂದಿನ ನಾಲ್ಕೈದು ದಿನ ಎಲ್ಲ ಸಾಲುಗಳೂ ಕೆಡುತ್ತಿದ್ದವು. ಅದು ತಿಳಿದಮೇಲೆ ಆ ದಿನಗಳಲ್ಲಿ ‘ಮತ್ತೆ ಶುರುವಾಯಿತು, ಇನ್ನು ನನ್ನ ಕಥೆ ಮುಗಿಯಿತು’ ಎಂದು ಅಳುವುದು ನಿಂತಿತು.

ವರ್ಷಗಟ್ಟಲೆ ಹೀಗೇ ಬಿಟ್ಟರೆ ಬಿಪಿ, ಹೃದಯದ ಕಾಯಿಲೆ, ಟೈಪ್ 2 ಡಯಾಬಿಟಿಸ್ ಬರುವ ಸಾಧ್ಯತೆ ಹೆಚ್ಚು; ಸಿಆರ್‌ಪಿ ಮುಂತಾದ ಉರಿಯೂತದ ಸೂಚಕಗಳು ಏರಿರುವುದೂ ಕಂಡುಬಂದಿದೆ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕೊಬ್ಬು ನೋಡಿಸಿ. ಮೈಕೈ ನೋವು, ಹೊಟ್ಟೆಯ ತೊಂದರೆಗೆಂದು ಹೋದಾಗಲೂ ಆಘಾತದ ವಿಷಯ ವೈದ್ಯರ ಕಿವಿಗೆ ಹಾಕಿ.

ಚಿಕಿತ್ಸೆ ಅಂದರೆ ಮಾತು, ಆ ಮಾತು ಮೈಗೂ ಮದ್ದು

ನನಗೆ ಮೊದಲ ತಿಂಗಳು ಒಬ್ಬ ವೈದ್ಯರು ಡಯಜೆಪಾಮ್ ಜಾತಿಯ ನಿದ್ದೆ ಮಾತ್ರೆ ಬರೆದಿದ್ದರು. ನಿದ್ದೆ ಬಂತು, ಮಾತ್ರೆ ಬಿಟ್ಟ ರಾತ್ರಿ ಬಸ್ಸೂ ಬಂತು. ಈ ಜಾತಿಯ ಮಾತ್ರೆಗಳನ್ನು ಪಿಟಿಎಸ್‌ಡಿಗೆ ಕೊಡಬಾರದು ಎಂದೇ ಈಗಿನ ಮುಖ್ಯ ಮಾರ್ಗಸೂಚಿಗಳು ಹೇಳುತ್ತವೆ. ಈಗಾಗಲೇ ಬಹಳ ದಿನದಿಂದ ತಿನ್ನುತ್ತಿದ್ದರೆ ಏಕಾಏಕಿ ನಿಲ್ಲಿಸಬೇಡಿ, ಅದು ಅಪಾಯ. ವೈದ್ಯರ ಜೊತೆ ಕೂತು ಸ್ವಲ್ಪಸ್ವಲ್ಪವೇ ಇಳಿಸಿ.

ಮೊದಲ ಆಯ್ಕೆ ಆಘಾತವನ್ನೇ ಎದುರಿಗಿಟ್ಟುಕೊಂಡು ಮಾಡುವ ಮಾತಿನ ಚಿಕಿತ್ಸೆ. ಇಡ್ನಾ ಫೋವಾ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಷರ್, ಆಘಾತದ ಬಗೆಗಿನ ಯೋಚನೆಗಳನ್ನು ತಿದ್ದಲು ಪೆಟ್ರೀಷಿಯಾ ರೆಸಿಕ್ ರೂಪಿಸಿದ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, ಕಣ್ಣನ್ನು ಅತ್ತಿತ್ತ ಆಡಿಸುತ್ತಾ ನೆನಪನ್ನು ಎದುರಿಸಲು ಫ್ರಾನ್ಸೀನ್ ಶಪೀರೊ ರೂಪಿಸಿದ ಇಎಂಡಿಆರ್. ಹುಡುಕುವಾಗ ‘ಕೌನ್ಸೆಲಿಂಗ್ ಇದೆಯೇ’ ಎಂದು ಕೇಳದೆ ಈ ಹೆಸರುಗಳನ್ನೇ ಹಿಡಿದು ‘ಇದರಲ್ಲಿ ತರಬೇತಿ ಆಗಿದೆಯೇ’ ಎಂದು ಕೇಳಿ.

ನಾನು ಮಾಡಿಸಿಕೊಂಡದ್ದು ಮೊದಲನೆಯದು. ವಾರಕ್ಕೊಮ್ಮೆ 90 ನಿಮಿಷ, ಒಟ್ಟು 11 ಸಲ. ಆ ರಾತ್ರಿಯನ್ನು ಈಗ ನಡೆಯುತ್ತಿರುವಂತೆ ಬಾಯಿಬಿಟ್ಟು ಹೇಳಬೇಕು, ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಕೇಳಬೇಕು. ಮೊದಲ ಸಲ ಹೇಳುವಾಗ ನಾಡಿ 118, ಮುಗಿಸಿದಾಗಲೂ 110. ಮನೆಗೆ ಹೋಗಿ ‘ಇನ್ನು ಬರುವುದಿಲ್ಲ’ ಎಂದು ಮೆಸೇಜ್ ಕಳಿಸಿದೆ. ಥೆರಪಿಸ್ಟ್ ಫೋನ್ ಮಾಡಿ ‘ಮುಂದಿನ ವಾರ ಬನ್ನಿ, ಡೀಸೆಲ್ ಸದ್ದಿನ ಜಾಗದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲೋಣ’ ಎಂದರು. ಹೋದೆ. ಆರನೇ ಸಲ ಅದೇ ಜಾಗ ಹೇಳುವಾಗ ನಾಡಿ 92 ಇತ್ತು, ಮತ್ತು ನಾನು ಅಲ್ಲಿಯವರೆಗೆ ಮರೆತಿದ್ದ ಒಂದು ಸಂಗತಿ ನೆನಪಿಗೆ ಬಂತು: ಪಕ್ಕದ ಸೀಟಿನವರು ಇಡೀ ಹೊತ್ತು ನನ್ನ ತಲೆಯ ಕೆಳಗೆ ತಮ್ಮ ಕೈ ಕೊಟ್ಟಿದ್ದರು, ಗಾಜು ಚುಚ್ಚದಿರಲಿ ಎಂದು.

ಇದು ಏಕೆ ಕೆಲಸ ಮಾಡುತ್ತದೆ? ಹಳೆಯ ಭಯದ ನೆನಪು ಅಳಿಸಿಹೋಗುವುದಿಲ್ಲ. ಅದರ ಪಕ್ಕದಲ್ಲಿ ‘ಅದು ಆಗ ಆಯಿತು, ಈಗ ಆಗುತ್ತಿಲ್ಲ’ ಎಂಬ ಹೊಸ ಕಲಿಕೆ ಬೆಳೆದು ಗಟ್ಟಿಯಾಗುತ್ತದೆ. ಮಂಕಾಗಿದ್ದ ಪ್ರೀಫ್ರಂಟಲ್ ಭಾಗಕ್ಕೆ ಅಮಿಗ್ಡಲವನ್ನು ಸಮಾಧಾನ ಮಾಡುವ ಅಭ್ಯಾಸ ಸಿಗುತ್ತದೆ. ಆಘಾತವಾದ ಮರುದಿನವೇ ‘ಎಲ್ಲ ಹೇಳಿಕೊಂಡುಬಿಡು’ ಎಂದು ಒತ್ತಾಯಿಸುವುದು ಮಾತ್ರ ಬೇರೆ ವಿಷಯ, ಅದರಿಂದ ಉಪಯೋಗವಿಲ್ಲ ಎಂದು ಸಾಬೀತಾಗಿದೆ. ಇದು ತರಬೇತಾದವರ ಜೊತೆ ನಿಧಾನವಾಗಿ ಮಾಡುವ ಕೆಲಸ. ಒಬ್ಬರೇ ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಮಾತ್ರೆ ಬೇಕಾದವರೂ ಇದ್ದಾರೆ, ಅದರಲ್ಲಿ ನಾಚಿಕೆಯ ಮಾತೇ ಇಲ್ಲ. ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್ ಎರಡಕ್ಕೂ ಪಿಟಿಎಸ್‌ಡಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟು ಇಪ್ಪತ್ತು ವರ್ಷ ದಾಟಿತು. ಪರಿಣಾಮ ಕಾಣಲು ವಾರಗಳು ಬೇಕು, ಮಧ್ಯದಲ್ಲಿ ಬಿಡಬೇಡಿ. ದುಃಸ್ವಪ್ನಕ್ಕೆ ಪ್ರಾಜೋಸಿನ್ ಎಂಬ ಬಿಪಿ ಮಾತ್ರೆ ಕೊಡುವುದುಂಟು. ನಾರ್‌ಅಡ್ರಿನಲಿನ್ನಿನ ಒಂದು ಬಾಗಿಲನ್ನು ಅದು ಮುಚ್ಚುತ್ತದೆ. 2018ರಲ್ಲಿ 304 ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದು ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲು ಎಂದು ತೋರಲಿಲ್ಲ, ಆದರೂ ಕೆಲವರಿಗೆ ಗುಣ ಕಂಡಿದೆ. ಶುರುವಿನ ದಿನಗಳಲ್ಲಿ ಧಡಕ್ಕನೆ ಎದ್ದರೆ ತಲೆ ಸುತ್ತಿ ಬೀಳಬಹುದು, ಜೋಕೆ.

ವೈದ್ಯರ ಮುಂದೆ ಕೂತಾಗ ಹೇಳಬೇಕಾದ್ದು ಇಷ್ಟೇ: ‘ನನಗೆ ಇಂಥ ತಿಂಗಳು ಇಂಥದ್ದು ನಡೆಯಿತು. ಅಲ್ಲಿಂದ ಬೆಚ್ಚುತ್ತೇನೆ, ವಾರಕ್ಕೆ ಇಷ್ಟು ರಾತ್ರಿ ಏಳುತ್ತೇನೆ, ಇಂಥ ಜಾಗಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ. ಇದು ನನ್ನ ಎರಡು ವಾರದ ನೋಟ್‌ಬುಕ್. ಪಿಟಿಎಸ್‌ಡಿ ಇರಬಹುದೇ ನೋಡಿ.’ ನಡೆದದ್ದರ ವಿವರ ಅಂದೇ ಹೇಳಬೇಕಿಲ್ಲ. ಬದುಕುವುದೇ ಬೇಡ ಎನ್ನುವ ಯೋಚನೆ ಬರುತ್ತಿದ್ದರೆ ಮಾತ್ರ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಆ ದಿನ ನೋಟ್‌ಬುಕ್ಕಿಗೆ ಕಾಯಬೇಡಿ, ಒಬ್ಬರನ್ನು ಜೊತೆಗೆ ಕರೆದುಕೊಂಡು ತುರ್ತು ಚಿಕಿತ್ಸೆಗೆ ಹೋಗಿ.

ಮನೆಯವರಿಗೆ ಒಂದು ಮಾತು. ಹಿಂದಿನಿಂದ ಬಂದು ಭುಜ ಮುಟ್ಟಬೇಡಿ. ಮುಂದೆ ಬಂದು ಹೆಸರು ಹಿಡಿದು ಕರೆಯಿರಿ. ನಿದ್ದೆಯಲ್ಲಿ ಕಿರುಚಿಕೊಂಡರೆ ಹಿಡಿದು ಅಲುಗಿಸದೆ ಸ್ವಲ್ಪ ದೂರದಿಂದ ಮಾತನಾಡಿಸಿ. ನನ್ನ ಅಕ್ಕ ಬಾಗಿಲಲ್ಲೇ ನಿಂತು ‘ಪುಟ್ಟೀ, ನಾನು ಅಕ್ಕ. ಮನೇಲಿದ್ದೀಯ. ಇವತ್ತು ಶನಿವಾರ’ ಎನ್ನುತ್ತಿದ್ದಳು. ‘ಇನ್ನೂ ಅದನ್ನೇ ನೆನೆಸ್ಕೊಂಡು ಕೂತಿದ್ದೀಯಾ’ ಎಂದು ಅವಳು ಒಂದೇ ಒಂದು ದಿನವೂ ಕೇಳಲಿಲ್ಲ.

ಚಿಕಿತ್ಸೆ ಮುಗಿದ ಮೇಲೆ ಆರು ತಿಂಗಳಿಗೊಮ್ಮೆ ನೋಟ್‌ಬುಕ್ ಮತ್ತೆ ತೆರೆದು ಒಂದು ವಾರ ಬರೆಯಿರಿ. ಘಟನೆ ನಡೆದ ತಿಂಗಳು ಬಂದಾಗ ಅಂಕಿಗಳು ಒಂದಿಷ್ಟು ಏರುತ್ತವೆ, ಅದನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಆ ವಾರ ಕೆಲಸ ಹಗುರ ಮಾಡಿಕೊಳ್ಳಿ. ನಾನು ಕಳೆದ ವಾರ ಬರೆದದ್ದರಲ್ಲಿ ಒಂದು ದಿನ ಹೀಗಿದೆ: ‘ಗುರುವಾರ. ನಾಡಿ 70. ಎಚ್ಚರ 1 ಸಲ, ಮತ್ತೆ ನಿದ್ದೆ ಬಂತು. ಮುಚ್ಚಳದ ಸದ್ದು ಹತ್ತಾರು ಸಲ, ಎಣಿಸಲಿಲ್ಲ. ಸಂಜೆ ಬಸ್ಸಿನಲ್ಲಿ ಬಂದೆ, ಕಿಟಕಿ ಪಕ್ಕ. ಡೀಸೆಲ್ ವಾಸನೆ ಇತ್ತು. 94. ಮನೆ ನಿಲ್ದಾಣ ಬರುವಷ್ಟರಲ್ಲಿ 76.’